ಸರದಾರನ ಪಿತ್ತ

ದನದ ಡಾಕ್ಟರ ಬದುಕಿನಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಉಡುಪಿಯಲ್ಲಿ ಹತ್ತೊಂಬತ್ತು ವರ್ಷ ದನ, ನಾಯಿ, ಕೋಳಿಗಳ ನಡುವೆ ಕಳೆದ ನನಗೆ ಕಳೆದ ಬೇಸಿಗೆಯಲ್ಲಿ ಒಂದು ಕುದುರೆ ಸಿಕ್ಕಿತು. ಆ ಕುದುರೆ ಸುಮ್ಮನೆ ಬರಲಿಲ್ಲ, ಜೊತೆಗೆ ಇಷ್ಟೆಲ್ಲ ತಂದಿತು.

ಸ್ವೆಟರ್

ಮಣಿಪಾಲದಿಂದ ಒಬ್ಬ ಮಹಿಳೆ ಫೋನ್ ಮಾಡಿದ್ದರು, ತುಂಬ ಸಿಟ್ಟಿನಲ್ಲಿ. ಕಾಪು ಬೀಚಿನಲ್ಲಿ ಒಬ್ಬ ಮನುಷ್ಯ ಈ ಸೆಖೆಯಲ್ಲಿ ತನ್ನ ಕುದುರೆಗೆ ಉಣ್ಣೆಯ ಕೋಟು ಹಾಕಿ ನಿಲ್ಲಿಸಿದ್ದಾನೆ, ಕೂಡಲೇ ಹೋಗಿ ಬಿಚ್ಚಿಸಬೇಕು ಎಂದು. ನಾನೂ ಸಿಟ್ಟು ಮಾಡಿಕೊಂಡೇ ಹೋದೆ.

ಕುದುರೆ ಎಂದರೆ ಗಿಡ್ಡ ತಳಿಯದ್ದು, ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸುವಂಥದ್ದು. ಹೆಸರು ಸರದಾರ. ಮಾಲೀಕ ಬಾಗಲಕೋಟೆ ಕಡೆಯವನು. ಮೊದಲು ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವನು, ಆಮೇಲೆ ಊರಿಗೆ ಹೋಗಿ ತನ್ನ ಕುದುರೆಯನ್ನೂ ತಂದವನು. ದೂರದಿಂದ ನನಗೂ ಕೋಟು ಕಂಡಿತು. ಹತ್ತಿರ ಹೋಗಿ, ಮೊದಲು ಅದನ್ನು ತೆಗಿ ಎಂದು ಗದರಿದೆ.

ಅವನು ಕೈ ಮುಗಿದು ಹೇಳಿದ: "ನೀವೇ ತಗೀರಿ ಅಕ್ಕಾರ. ಬಂದ್ರ ನನಗೂ ಸಂತೋಷ. ವರ್ಷಾತು, ನಾನೂ ಜಗ್ಗಾಕತ್ತೀನಿ."

ಅದು ಕೋಟಲ್ಲ, ಮೈಯ ಕೂದಲು.

ಎರಡಕ್ಷರ

ನನಗೆ ಆದ ಸಂಭ್ರಮ ಹೇಳತೀರದು. ಬೇಸಿಗೆಯಲ್ಲೂ ಉದುರದ ಗುಂಗುರು ಕೂದಲು, ಕೊಡಗಟ್ಟಲೆ ನೀರು ಕುಡಿಯುವುದು, ಜೋತುಬಿದ್ದ ಹೊಟ್ಟೆ, ವಯಸ್ಸು ಇಪ್ಪತ್ತೆರಡು. ಕಾಲೇಜಿನ ಪುಸ್ತಕದಲ್ಲಿ ಒಂದೂವರೆ ಪ್ಯಾರಾ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಟ್ಟ ಕಾಯಿಲೆ ನಾಲ್ಕು ಕಾಲಿನ ಮೇಲೆ ನನ್ನೆದುರು ನಿಂತಿತ್ತು! ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಮುದಿ ಕುದುರೆಗಳಲ್ಲಿ ಊದಿಕೊಂಡು ಬೇಡದಷ್ಟು ಹಾರ್ಮೋನು ಸುರಿಸುತ್ತದೆ.

ಆದರೆ ಸರದಾರನ ಗೊರಸು ನೋಡಿದಾಗ ಸಂಭ್ರಮ ಇಳಿಯಿತು. ಇದೇ ಕಾಯಿಲೆಯಿಂದ ಗೊರಸಿನ ಒಳಗೆ ಉರಿಯೂತ ಎದ್ದಿತ್ತು, ಹತ್ತು ಹೆಜ್ಜೆ ಇಡಲೂ ಅದಕ್ಕೆ ನೋವು. ಬೀಚ್ ನೋಡಿಕೊಳ್ಳುವ ಮೇಸ್ತ್ರಿ ಬೇರೆ, ಕುಂಟುವ ಕುದುರೆ ಇಲ್ಲಿ ಬೇಡ, ಹುಷಾರಾಗಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ತಂದರೆ ಮಾತ್ರ ಒಳಗೆ ಎಂದು ಹೇಳಿಬಿಟ್ಟಿದ್ದರು. ಮಾರಿಬಿಡು ಎಂದವರೂ ಇದ್ದರು. ಅಂಥವರ ಜೊತೆ ಮಾಲೀಕ ಮಾತು ಬಿಟ್ಟಿದ್ದ.

ನಾನು ಅವನಿಗೆ ಪಿಟ್ಯುಟರಿ, ಪಿಟ್ಯುಟರಿ ಎಂದು ನಾಲ್ಕು ಸಲ ಬಿಡಿಸಿ ಹೇಳಿದೆ. ವಾರ ಬಿಟ್ಟು ಹೋದರೆ ಸರದಾರ ಉಪ್ಪಿನಕಾಯಿ ಭರಣಿಯ ಹಾಗೆ ಘಮಘಮಿಸುತ್ತಿತ್ತು. ಮಾಲೀಕ ದಿನಾ ಬೆಳಿಗ್ಗೆ ಅದರ ನೆತ್ತಿಗೆ ಲಿಂಬೆಹುಳಿ ತಿಕ್ಕಿ, ಜೀರಿಗೆ ಕಷಾಯ ಕುಡಿಸುತ್ತಿದ್ದನಂತೆ. ಅದು ಪಿತ್ತ ಅಲ್ಲ ಮಾರಾಯ, ಪಿಟ್ಯುಟರಿ, ಅದು ತಲೆಯಲ್ಲಿ ಇರುವುದು ಎಂದೆ.

"ನಾನೂ ಅದನ್ನೇ ಅಂದೀನ್ರಿ. ಪಿತ್ತ ನೆತ್ತಿಗೇರೇತಿ."

ಐದು ವರ್ಷ ಓದಿದ ನನಗೂ ಅವನಿಗೂ ಇದ್ದದ್ದು ಬರೇ ಎರಡಕ್ಷರದ ವ್ಯತ್ಯಾಸ.

ಐಸ್

ಕಾಯಿಲೆ ಅದೇ ಎಂದು ಖಾತ್ರಿಯಾಗಲು ರಕ್ತ ಪರೀಕ್ಷೆ ಆಗಬೇಕು, ರಕ್ತ ಲ್ಯಾಬಿಗೆ ತಲುಪುವವರೆಗೆ ತಣ್ಣಗಿರಬೇಕು. ಕಾಪುವಿನಲ್ಲಿ ಐಸಿಗೆ ಬರಗಾಲ ಇಲ್ಲ. ಮೀನು ಮಾರುವ ಅಕ್ಕನಲ್ಲಿ ಸ್ವಲ್ಪ ಐಸ್ ಕೇಳಿದೆ. ಅವರು ನನ್ನ ಡಬ್ಬಿ ತೆಗೆದುಕೊಂಡು ಹೋಗಿ ತುಂಬಿಸಿ ತಂದರು. ನನ್ನ ಜೀಪು ರಿಪೇರಿಗೆ ಹೋಗಿದ್ದರಿಂದ, ರಕ್ತದ ಟ್ಯೂಬುಗಳನ್ನು ಅದರೊಳಗೆ ತುರುಕಿ ಉಡುಪಿ ಬಸ್ಸು ಹತ್ತಿದೆ.

ಕಂಡಕ್ಟರ್ ಮೂಗು ಅರಳಿಸಿ, ಮೀನಿನ ಡಬ್ಬಿ ಸೀಟಿನ ಮೇಲೆ ಇಡುವಂತಿಲ್ಲ ಮೇಡಂ ಎಂದರು. ಮೀನಲ್ಲ, ಕುದುರೆಯ ರಕ್ತ ಎಂದೆ. ಆಮೇಲೆ ಉಡುಪಿಯವರೆಗೆ ಮೂವರ ಸೀಟು ನನಗೊಬ್ಬಳಿಗೇ.

ಲ್ಯಾಬಿನ ಹುಡುಗಿ ಡಬ್ಬಿಯನ್ನು ಟ್ರೇಗೆ ಸುರಿದಳು. ಎರಡು ಟ್ಯೂಬುಗಳ ಹಿಂದೆಯೇ ನಾಲ್ಕು ಬಂಗುಡೆ ಜಾರಿ ಬಂದವು. ಡಾಕ್ಟ್ರಮ್ಮ ಬಾಯಿಬಿಟ್ಟು ಮೀನು ಕೇಳಲು ನಾಚಿ ಬರೇ ಐಸ್ ಕೇಳುತ್ತಿದ್ದಾರೆ ಎಂದುಕೊಂಡ ಆ ಪುಣ್ಯಾತ್ಗಿತ್ತಿ ಅಡಿಯಲ್ಲಿ ಇಟ್ಟುಬಿಟ್ಟಿದ್ದರು.

ಹುಡುಗಿ ಟ್ರೇಯನ್ನೂ ನನ್ನನ್ನೂ ನೋಡಿ ಕೇಳಿದಳು: "ಮೇಡಂ, ಟೆಸ್ಟ್ ಆರಕ್ಕೂ ಮಾಡ್ಬೇಕಾ?"

ಶುಗರ್

ವರದಿ ಬಂತು, ನನ್ನ ಊಹೆ ಸರಿ ಇತ್ತು. ಕೂದಲು ಕತ್ತರಿಸಿದೆವು, ಗೊರಸು ಕೆತ್ತಿಸಿದೆವು, ದೂರದಿಂದ ತರಿಸಿದ ಗುಳಿಗೆ ಸುರು ಮಾಡಿದೆವು. ಜೀವನಪೂರ್ತಿ ಗುಳಿಗೆ, ಸಿಹಿ ಪೂರ್ತಿ ಬಂದ್. ಆದರೆ ಬೀಚಿನ ಗೇಟಿನ ಹೊರಗೆ ನೆರಳಿನಲ್ಲಿ ಕಟ್ಟಿದ್ದ ಸರದಾರನಿಗೆ ಹೋಗಿ ಬರುವವರೆಲ್ಲ ಬೆಲ್ಲ, ಬಾಳೆಹಣ್ಣು ತಿನ್ನಿಸುತ್ತಿದ್ದರು. ಪಿಟ್ಯುಟರಿ ಎಂದರೆ ಯಾರಿಗೂ ತಿಳಿಯದೆಂದು ನಾನು ಹೀಗೆ ಒಂದು ಬೋರ್ಡು ಬರೆಸಿ ತೂಗಹಾಕಿಸಿದೆ: ಈ ಕುದುರೆಗೆ ಶುಗರ್ ಉಂಟು.

ಬೆಲ್ಲ ನಿಂತಿತು, ಸಲಹೆ ಸುರುವಾಯಿತು. ಸಂಜೆ ವಾಕಿಂಗ್ ಬರುವವರಲ್ಲಿ ಶುಗರ್ ಇಲ್ಲದವರು ಯಾರು? ಒಬ್ಬರು ಮೆಂತೆ ತಂದರು, ಇನ್ನೊಬ್ಬರು ಹಾಗಲಕಾಯಿ, ಮತ್ತೊಬ್ಬರು ನೇರಳೆ ಬೀಜದ ಪುಡಿ. ಕಲ್ಯಾಣಪುರದ ಹಿರಿಯರೊಬ್ಬರು ತುಂಬ ಕಾಳಜಿಯಿಂದ ಮಾಲೀಕನನ್ನು ವಿಚಾರಿಸಿದರು: "ಊಟಕ್ಕೆ ಮೊದಲು ಎಷ್ಟುಂಟು, ಊಟದ ನಂತರ ಎಷ್ಟುಂಟು?"

ಅವನು ಸರದಾರನ ಬಾಯಿ ಕಡೆ ನೋಡಿ ಹೇಳಿದ: "ಇದಕ್ಕ ಮೊದಲು, ನಂತರ ಅನ್ನೂದು ಇಲ್ರೀ ಯಜಮಾನ್ರ. ಇದರ ಊಟ ಮುಗಿಯೂದಿಲ್ಲ."

ಸರ್ಟಿಫಿಕೇಟ್

ನಾಲ್ಕು ತಿಂಗಳು ಕಳೆಯಿತು. ಹೊಸ ಕೂದಲು ನುಣ್ಣಗೆ, ಹೊಳೆಯುತ್ತ ಬಂತು. ಮೇಸ್ತ್ರಿಗೆ ಸರದಾರನನ್ನು ತೋರಿಸಿ, ಅವರೆದುರೇ ಸರ್ಟಿಫಿಕೇಟ್ ಬರೆದುಕೊಡುವುದೆಂದು ತೀರ್ಮಾನವಾಯಿತು. ಆ ಬೆಳಿಗ್ಗೆ ಮಾಲೀಕ ಚಹಾ ಕೂಡ ಕುಡಿದಿರಲಿಲ್ಲ. ಇವತ್ತು ಕುಂಟಿದರೆ ಮುಗಿಯಿತು, ಕುದುರೆಗೂ ಅವನಿಗೂ ಕಾಪುವಿನಲ್ಲಿ ಬೇರೆ ಕೆಲಸವಿಲ್ಲ. ನಾನೂ ನಾಲ್ಕೂ ಗೊರಸನ್ನು ಎರಡೆರಡು ಸಲ ಎತ್ತಿ ನೋಡಿದೆ.

ಮೇಸ್ತ್ರಿ ಅನುಮಾನದಿಂದಲೇ ಬಂದರು. ತಾವೇ ನಡೆಸಿ ನೋಡುತ್ತೇನೆಂದು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರು. ನಾನು ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆಯತೊಡಗಿದೆ: ಆರೋಗ್ಯವಾಗಿದೆ. ಸಣ್ಣ ಮಕ್ಕಳನ್ನು ಮಾತ್ರ ಕೂರಿಸಬಹುದು. ವಯಸ್ಸಾದ ಕಾರಣ ಬಹಳ ಸಾಧು, ಓಡುವುದಿಲ್ಲ.

ಓಡುವುದಿಲ್ಲ ಎಂಬುದಕ್ಕೆ ಚುಕ್ಕಿ ಇಡುವಷ್ಟರಲ್ಲಿ ಸರದಾರ ಓಡಿತು. ಎಷ್ಟೋ ತಿಂಗಳ ಮೇಲೆ ಕಾಲಡಿಗೆ ಒದ್ದೆ ಮರಳು ಸಿಕ್ಕಿತ್ತು, ನೋವಿರಲಿಲ್ಲ, ಅದಕ್ಕೆ ಅಷ್ಟೇ ಸಾಕು. ಬಾಲ ಎತ್ತಿ, ಕಿವಿ ನಿಮಿರಿಸಿ, ಲೈಟ್‌ಹೌಸಿನ ಬಂಡೆಯ ಕಡೆಗೆ ಹಾರಿತು. ಹಗ್ಗದ ಇನ್ನೊಂದು ತುದಿಯಲ್ಲಿ ಮೇಸ್ತ್ರಿ ಸ್ವಲ್ಪ ದೂರ ಓಡಿದರು, ಸ್ವಲ್ಪ ದೂರ ಜಾರಿದರು, ಉಳಿದ ದೂರ ಏನು ಮಾಡಿದರೆಂದು ನನಗೆ ಕಾಣಲಿಲ್ಲ. ನಿಲ್ಲಿಸಬೇಕಾದ ನಾನು ಚಪ್ಪಾಳೆ ತಟ್ಟುತ್ತ, ನೋಡಿ, ಕುಂಟುವುದೇ ಇಲ್ಲ ನೋಡಿ ಎಂದು ಕುಣಿಯುತ್ತಿದ್ದೆ. ಮಾಲೀಕ ಮರಳಿನಲ್ಲಿ ಕುಸಿದು ಕುಳಿತು ಅಳುತ್ತಿದ್ದ, ನಗುತ್ತಲೂ ಇದ್ದ.

ಸರದಾರ ತಾನಾಗಿಯೇ ಹಿಂದೆ ಬಂದು ಮಾಲೀಕನ ಹೆಗಲಿಗೆ ಮೂತಿ ಇಟ್ಟಿತು. ತುಂಬ ಹೊತ್ತಿನ ಮೇಲೆ ಮೇಸ್ತ್ರಿ ಬಂದರು. ಮೊಣಕಾಲೂರಿ, ಅಂಗೈಯೂರಿ, ಮರಳಿನಲ್ಲಿ ಅಂಬೆಗಾಲಿಕ್ಕುತ್ತ ನನ್ನ ಜೀಪಿನವರೆಗೆ ಬಂದು ತಲೆ ಎತ್ತಿದರು.

"ಡಾಕ್ಟ್ರೇ, ಕುದುರೆ ಹುಷಾರುಂಟು. ನಾಳೆಯಿಂದ ಬರ್ಲಿ. ಈಗ ನನಗೆ ಎರಡು ದಿನದ ರಜೆಗೆ ಒಂದು ಸರ್ಟಿಫಿಕೇಟ್ ಬರೆದುಕೊಡಿ."

ನಾನು ನಾಲ್ಕು ಕಾಲಿನವುಗಳಿಗೆ ಮಾತ್ರ ಬರೆದುಕೊಡುವುದು ಎಂದೆ.

"ಮತ್ತೆ ನಾನು ಎಷ್ಟು ಕಾಲಲ್ಲಿ ಬಂದದ್ದು?"