ಗೊರಕೆ ನಿಲ್ಲಿಸುವ ಹಾಸಿಗೆ

ಬೆಳಗ್ಗೆ ಕಣ್ಣು ಬಿಟ್ಟಾಗ ಮೆತ್ತಣ್ಣನ ಪಕ್ಕದಲ್ಲಿ ಹೆಂಡತಿ ಇರಲಿಲ್ಲ. ಅವಳ ದಿಂಬೂ ಇರಲಿಲ್ಲ. ಎದ್ದು ಹೋಗಿ ನೋಡಿದರೆ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿಗೂ ಗೋಡೆಗೂ ನಡುವೆ ಚಾಪೆ ಹಾಸಿಕೊಂಡು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದಳು.

"ಇಲ್ಲಿ ಯಾಕೆ ಮಲಗಿದ್ದೀಯ?"

ಅವಳು ಒಂದು ಕಿವಿಯ ಹತ್ತಿ ತೆಗೆದಳು. "ಏನು?"

"ಇಲ್ಲಿ ಯಾಕೆ ಅಂದೆ."

"ಅಲ್ಲಿ ಮಲಗೋಕೆ ನಾನೇನು ಕಿವುಡೀನಾ? ಅದೇನ್ರೀ ಗೊರಕೆ! ಕಿಟಕಿ ಗಾಜು ಅದುರ್ತಾ ಇತ್ತು."

"ನಾನಾ? ಗೊರಕೆನಾ?"

ಇದು ನಾಟಕವಲ್ಲ. ತನಗೆ ಗೊರಕೆ ಇಲ್ಲವೆಂದು ಮೆತ್ತಣ್ಣ ಮನಸಾರೆ ನಂಬಿದ್ದ. ಅದಕ್ಕೆ ಕಾರಣ ಅವನ ನೌಕರಿ.

ಬಸ್ ನಿಲ್ದಾಣದ ಎದುರಿನ ಹಾಸಿಗೆ ಅಂಗಡಿಯಲ್ಲಿ ಅವನು ಮಾರಾಟದ ಆಳು. ಅಂಗಡಿಯ ನಟ್ಟನಡುವೆ, ಎಲ್ಲಕ್ಕಿಂತ ದುಬಾರಿ ಹಾಸಿಗೆಯ ಮೇಲೆ ಒಂದು ಬೋರ್ಡು ತೂಗುತ್ತಿತ್ತು: 'ಗೊರಕೆ ನಿಲ್ಲಿಸುವ ಹಾಸಿಗೆ'. ಅದರ ಕೆಳಗೆ ಮೆತ್ತಣ್ಣನದೇ ಫೋಟೊ. ಕಣ್ಣು ಮುಚ್ಚಿದೆ, ಬಾಯಿಯೂ ಮುಚ್ಚಿದೆ, ಮುಖದ ಮೇಲೆ ಎಳೆಮಗುವಿನ ನಗೆ. ಗಿರಾಕಿ ಬಂದ ಕೂಡಲೇ ಮೆತ್ತಣ್ಣ ಚಪ್ಪಲಿ ಬಿಟ್ಟು ಆ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು. ಮಲಗಿಕೊಂಡೇ ಹೇಳಬೇಕು: "ನಂಗೆ ಎಂಥಾ ಗೊರಕೆ ಇತ್ತು ಅಂದ್ರೆ ಸಾರ್, ಪಕ್ಕದ ಮನೆಯವರು ಮನೆ ಬದಲಾಯಿಸಿದ್ರು. ಇದರ ಮೇಲೆ ಮಲಗಿದ್ದೇ ತಡ, ಸೊಲ್ಲೇ ಇಲ್ಲ. ಗ್ಯಾರಂಟಿ ಸಾರ್!"

ಈ ಮಾತನ್ನು ಕಟ್ಟಿಕೊಟ್ಟವರು ಅಂಗಡಿಯ ಯಜಮಾನರು. ಹೇಳಿ ಹೇಳಿ ನಂಬಿಬಿಟ್ಟವನು ಮೆತ್ತಣ್ಣ. ಮನೆಯಲ್ಲಿ ಅವನು ಮಲಗುತ್ತಿದ್ದುದು ಗಂಟುಗಟ್ಟಿದ ಹಳೇ ಹತ್ತಿ ಹಾಸಿಗೆಯ ಮೇಲೆ ಎನ್ನುವುದು ಬೇರೆ ಮಾತು. ಸುಳ್ಳು ಹೇಳುವವನಿಗೆ ಇಂಥ ಸಣ್ಣಪುಟ್ಟ ವಿಷಯಗಳು ನೆನಪಿರುವುದಿಲ್ಲ.

"ನನ್ನ ಫೋಟೊ ಹಾಕಿ ಬೋರ್ಡ್ ಬರೆಸಿದ್ದಾರೆ ಕಣೇ! ನನಗೇ ಗೊರಕೆ ಅಂತೀಯಲ್ಲ!" ಎಂದು ಕೂಗಾಡಿ, ತಿಂಡಿಯನ್ನೂ ತಿನ್ನದೆ ಅಂಗಡಿಗೆ ಹೊರಟ.

ಅಂಗಡಿಯಲ್ಲಿ ದಿಂಬು, ಹೊದಿಕೆಗಳ ವಿಭಾಗ ನೋಡಿಕೊಳ್ಳುವ ಒಬ್ಬ ಸಣಕಲ ಇದ್ದ. ಎಲ್ಲರೂ ಅವನನ್ನು ದಿಂಬು ಎಂದೇ ಕರೆಯುತ್ತಿದ್ದರು. ಕೇಳದೆಯೇ ಸಲಹೆ ಕೊಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

"ಅಷ್ಟಕ್ಕೆ ಯಾಕಣ್ಣ ಜಗಳ? ಗೊರಕೆ ಅಳೆಯೋ ಆ್ಯಪ್ ಬಂದಿದೆ. ಮಲಗುವಾಗ ಫೋನ್ ಪಕ್ಕದಲ್ಲಿಡಿ. ಬಂದ್ರೆ ಬಂತು ಅನ್ನುತ್ತೆ, ಇಲ್ಲಾಂದ್ರೆ ಇಲ್ಲ ಅನ್ನುತ್ತೆ. ಅತ್ತಿಗೆಗೆ ತೋರಿಸಿಬಿಡಿ, ಮುಗೀತು."

ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಇಳಿಸುವುದು ರೂಢಿ. ಆ ಹೊತ್ತಿನಲ್ಲಿ ಮೆತ್ತಣ್ಣ ಆ ಆ್ಯಪ್ ಇಳಿಸಿಕೊಂಡ. ಅದು ಒಂದೊಂದಾಗಿ ಕೇಳತೊಡಗಿತು. ಮೈಕ್ ಬಳಸಬಹುದೇ? ಗೊರಕೆ ಕೇಳಬೇಕಲ್ಲ, ಸರಿ, 'ಅನುಮತಿಸಿ' ಒತ್ತಿದ. ಫೋನಿನಲ್ಲಿರುವ ಎಲ್ಲರ ನಂಬರು ನೋಡಬಹುದೇ? ಒತ್ತಿದ. ನಿಮ್ಮ ಪರವಾಗಿ ಮೆಸೇಜ್ ಕಳಿಸಬಹುದೇ? ಒತ್ತಿದ. ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ? ಅದಕ್ಕೂ ಒತ್ತಿದ. ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಸೀಟು ಬಿಟ್ಟುಕೊಟ್ಟು ಕೊನೆಗೆ ತಾನೇ ಫುಟ್‌ಬೋರ್ಡಿನಲ್ಲಿ ನೇತಾಡುವ ಸಜ್ಜನನ ಹಾಗೆ ಒತ್ತುತ್ತಲೇ ಹೋದ. ಒಂದನ್ನಾದರೂ ಓದಿದನೇ? ಇಲ್ಲ. ಇದೇ ಮನುಷ್ಯ ಮನೆ ಬಾಗಿಲಿಗೆ ಯಾರಾದರೂ ಬಂದು ನೀರು ಕೇಳಿದರೆ ಎಲ್ಲಿಂದ ಬಂದೆ, ಯಾರ ಕಡೆಯವನು ಎಂದು ನೂರು ಪ್ರಶ್ನೆ ಹಾಕುತ್ತಾನೆ!

ಆಮೇಲೆ ಬೋರ್ಡಿನ ಕೆಳಗಿನ ಹಾಸಿಗೆಯ ಮೇಲೆ, ಪ್ಲಾಸ್ಟಿಕ್ ಹೊದಿಕೆಯ ಸಮೇತ ಮಲಗಿದ. ಸಿಟ್ಟಿನಲ್ಲಿ ಬೆಳಗಿನ ತಿಂಡಿ ಬಿಟ್ಟವನು ಮಧ್ಯಾಹ್ನ ಎರಡು ಹೊತ್ತಿನ ಊಟ ಮಾಡಿದ್ದ. ನಿದ್ದೆ ಬಂಡೆ ಉರುಳಿದ ಹಾಗೆ ಬಂತು.

ಎಚ್ಚರವಾದದ್ದು ಏನೋ ವಿಕಾರ ಸದ್ದಿಗೆ. ಬೀದಿಯಲ್ಲಿ ಯಾರೋ ನೆಲ ಕೊರೆಯುತ್ತಿದ್ದರು. ಗರ್‌ರ್‌ರ್ ಎಂದು ಏರಿ, ಒಂದು ಕ್ಷಣ ನಿಂತು, ಸೊಂಯ್ ಎಂದು ಇಳಿಯುತ್ತಿತ್ತು.

"ಏನಯ್ಯಾ ಅದು, ಬೋರ್‌ವೆಲ್ಲಾ? ಊಟದ ಹೊತ್ತಲ್ಲೂ ಮನುಷ್ಯರಿಗೆ ನೆಮ್ಮದಿ ಕೊಡಲ್ವಲ್ಲ!"

ದಿಂಬು ಬಾಗಿಲ ಬಳಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. "ಬೋರ್‌ವೆಲ್ ಅಲ್ಲಣ್ಣ. ನೀವೇ ಅದು."

ಎದುರಿನ ಚಹಾ ಅಂಗಡಿಯವನ ಫೋನಿನಿಂದ ಬರುತ್ತಿತ್ತು. ಸುತ್ತ ಹತ್ತು ಜನ ಲೋಟ ಹಿಡಿದುಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುವವರ ಹಾಗೆ ಕಿವಿಗೊಟ್ಟಿದ್ದರು. ಗರ್‌ರ್ ಎಂಬ ಸದ್ದು ನಿಂತಿತು, ಮೆತ್ತಣ್ಣನ ಸ್ಪಷ್ಟವಾದ ದನಿ ಕೇಳಿಸಿತು: "ಸೊಲ್ಲೇ ಇಲ್ಲ ಸಾರ್... ಗ್ಯಾರಂಟಿ ಸಾರ್..." ಮತ್ತೆ ಗರ್‌ರ್‌ರ್!

ಚಹಾ ಅಂಗಡಿಯವನು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಕ್ಲಾ?" ಎಂದು ಕೇಳಿದ. ಎಲ್ಲರೂ ಹಾಕು ಎಂದರು.

ಆದದ್ದಿಷ್ಟು. ಮೆತ್ತಣ್ಣ ಮಲಗಿದ್ದಾಗ ಆ್ಯಪ್ ಅವನ ಹೆಸರಿನಲ್ಲಿ, ಅವನ ಫೋನಿನಲ್ಲಿದ್ದ ಅಷ್ಟೂ ಜನಕ್ಕೆ ಮೆಸೇಜ್ ಕಳಿಸಿತ್ತು: 'ಗೊರಕೆಯಲ್ಲಿ ನನಗೆ ನೂರಕ್ಕೆ ತೊಂಬತ್ತೇಳು! ಒತ್ತಿ, ಕೇಳಿ. ನೀವೂ ಅಳೆದುಕೊಳ್ಳಿ.' ಕೆಳಗೆ ಅಂಗಡಿಯ ಹೆಸರು, ವಿಳಾಸ. ಈ ಅಷ್ಟೂ ಜನ ಯಾರು? ಹಾಸಿಗೆ ಕೊಂಡವರ ನಂಬರನ್ನೆಲ್ಲ ಮೆತ್ತಣ್ಣ ಇಟ್ಟುಕೊಳ್ಳುತ್ತಿದ್ದ, ವಾರ ಬಿಟ್ಟು ಫೋನ್ ಮಾಡಿ "ನಿದ್ದೆ ಹೇಗೆ ಬರ್ತಿದೆ ಸಾರ್?" ಎಂದು ವಿಚಾರಿಸುತ್ತಿದ್ದ. ಕೊಳ್ಳದೆ ಬರೀ ಮಲಗಿ ನೋಡಿ ಹೋದವರನ್ನೂ ಬಿಡುತ್ತಿರಲಿಲ್ಲ. ಅರ್ಧ ಊರೇ ಅವನ ಫೋನಿನಲ್ಲಿತ್ತು.

ಮೊದಲು ಬಂದವರು ನಿವೃತ್ತ ಹೆಡ್‌ಮಿಸ್ಸು. ಅವರ ಹಿಂದೆ, ಸುತ್ತಿದ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಅವರ ಗಂಡ. ಮುಖ ಕಾಣುತ್ತಿರಲಿಲ್ಲ, ಏದುಸಿರು ಮಾತ್ರ ಕೇಳುತ್ತಿತ್ತು.

"ನಿಂತ್ಕೊಳ್ರೀ," ಎಂದರು ಹೆಡ್‌ಮಿಸ್ಸು. ಮೆತ್ತಣ್ಣ ಆಗಲೇ ನಿಂತಿದ್ದ. ಇನ್ನೂ ನೆಟ್ಟಗಾದ.

"ಈ ಹಾಸಿಗೆ ಮೇಲೆ ಮಲಗಿದ ಮೇಲೂ ಇವರ ಗೊರಕೆ ನಿಂತಿಲ್ಲ ಅಂದಾಗ ಏನಂದ್ರಿ ನೀವು?"

"ಅದು... ಮೇಡಂ..."

"ಜೋರಾಗಿ ಹೇಳಿ. ಹಿಂದಿನ ಬೆಂಚಿಗೆ ಕೇಳಬೇಕು."

"ಮನಸ್ಸಿಟ್ಟು ಮಲಗಬೇಕು ಅಂದೆ ಮೇಡಂ."

"ಪಾಪ, ಮೂರು ತಿಂಗಳಿಂದ ಇವರು ಮನಸ್ಸಿಟ್ಟು ಮಲಗ್ತಾ ಇದಾರೆ! ನಾನು ದಿನಾ ಬೈತಾ ಇದೀನಿ, ನೀವು ಸರಿಯಾಗಿ ಮನಸ್ಸಿಡ್ತಿಲ್ಲ ಅಂತ. ನಾಚಿಕೆ ಆಗಲ್ವಾ ನಿಮಗೆ?"

ಆಗುತ್ತಿತ್ತು. ಕಿವಿಯ ತುದಿಯಿಂದ ಶುರುವಾಗಿ ಕತ್ತಿನವರೆಗೆ ಬಿಸಿ ಇಳಿಯುತ್ತಿತ್ತು. ಹೆಡ್‌ಮಿಸ್ಸಿನ ಗಂಡ ಹಾಸಿಗೆಯನ್ನು ಕೆಳಗಿಟ್ಟು ಮೆತ್ತಣ್ಣನ ಮುಖವನ್ನೊಮ್ಮೆ ನೋಡಿದರು, ಅಷ್ಟೆ. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಆ ನೋಟ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅಂಗಡಿಯ ಯಜಮಾನರೂ ಬಂದರು. ಅವರ ಫೋನಿಗೂ ಮೆಸೇಜ್ ಹೋಗಿತ್ತು.

"ಏನಯ್ಯಾ, ನನ್ನ ಅಂಗಡಿಗೆ ಬೆಂಕಿ ಇಡೋಕೆ ಬೇರೆ ದಾರಿ ಸಿಗಲಿಲ್ವಾ ನಿನಗೆ?"

"ನಾನು ಕಳಿಸಲಿಲ್ಲ ಯಜಮಾನ್ರೇ, ಅದು ಆ್ಯಪು..."

"ಆ್ಯಪಿಗೆ ಮೂಗಿದೆಯಾ? ಗೊರಕೆ ಹೊಡೆದಿದ್ದು ಆ್ಯಪಾ ನೀನಾ?"

ಮೆತ್ತಣ್ಣ ತನ್ನ ಮೂಗು ಮುಟ್ಟಿ ನೋಡಿಕೊಂಡ.

"ಆ ಬೋರ್ಡ್ ಇಳಿಸು. ನೀನೇ ಇಳಿಸು."

ಮೆತ್ತಣ್ಣ ಸ್ಟೂಲ್ ಹತ್ತಿದ. ಬಾಗಿಲಲ್ಲಿ ಚಹಾ ಅಂಗಡಿಯ ಗುಂಪು ಸೇರಿತ್ತು. ತಂತಿ ಬಿಚ್ಚುವಾಗ ಬೋರ್ಡು ತಿರುಗಿ ಅವನ ಫೋಟೊ ಅವನ ಮೂಗಿನ ಮುಂದೆಯೇ ಬಂತು. ಎಳೆಮಗುವಿನ ಹಾಗೆ ನಗುತ್ತಿದ್ದ ಆ ಮುಖ ನೋಡಿ ಅವನಿಗೆ ಕೆನ್ನೆಗೆ ಬಾರಿಸಬೇಕೆನಿಸಿತು. ಬೋರ್ಡನ್ನು ಬೋರಲು ಇಟ್ಟು ಕೆಳಗಿಳಿದ.

"ನಾಳೆಯಿಂದ ಬರಬೇಡ," ಎಂದರು ಯಜಮಾನರು.

ಮನೆಯ ಬೀದಿಗೆ ತಿರುಗುತ್ತಿದ್ದಂತೆ ಪಕ್ಕದ ಮನೆಯ ಕಂಡಕ್ಟರು ಗೇಟಿಗೆ ಒರಗಿ ನಿಂತಿದ್ದ. ಮೆತ್ತಣ್ಣ ತಲೆ ತಗ್ಗಿಸಿ ದಾಟಲು ನೋಡಿದ.

"ಕೇಳಿದೆ ಕಣಪ್ಪಾ! ನಾವು ಇಷ್ಟು ದಿನ ನೀರಿನ ಮೋಟಾರ್ ಅಂದ್ಕೊಂಡಿದ್ವಿ. ರಿಪೇರಿಯವನನ್ನ ಎರಡು ಸಲ ಕರೆಸಿದ್ದೆ!"

ಬಾಗಿಲು ತೆರೆದವಳು ನಾದಿನಿ. ಮೊಬೈಲ್ ಕಂಪನಿಯ ಕಾಲ್ ಸೆಂಟರಿನಲ್ಲಿ ಅವಳ ಕೆಲಸ, ನಾಲಿಗೆ ಕತ್ತರಿಯ ಹಾಗೆ. ಮೆಸೇಜ್ ಬಂದ ಕೂಡಲೇ ರಜೆ ಹಾಕಿ ಅಕ್ಕನ ಮನೆಗೆ ಓಡಿಬಂದಿದ್ದಳು.

"ಬನ್ನಿ ಭಾವ, ಬನ್ನಿ. ನೂರಕ್ಕೆ ತೊಂಬತ್ತೇಳು! ಓದುವಾಗ ಯಾವತ್ತಾದರೂ ಇಷ್ಟು ತಗೊಂಡಿದ್ರಾ?"

ಹೆಂಡತಿ ನಗಲಿಲ್ಲ. ಅವನ ಮುಖ ನೋಡಿ ಕುರ್ಚಿ ಎಳೆದುಕೊಟ್ಟಳು. ಮೆತ್ತಣ್ಣ ಕೂರದೆ ನಿಂತುಕೊಂಡೇ, "ನೀನು ಹೇಳಿದ್ದೇ ನಿಜ ಕಣೇ," ಎಂದ. "ಕೆಲಸವೂ ಹೋಯ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಗೊರಕೆ ಇದ್ರೆ ಇರಲಿ ಬಿಡ್ರೀ. ಯಜಮಾನ್ರಿಗೆ ಒಂದು ಮಾತು ತಪ್ಪಾಯ್ತು ಅಂದುಬಿಡಿ. ನಾಳೆ ಹೊತ್ತಿಗೆ ಅವರ ಸಿಟ್ಟು ಇಳಿದಿರುತ್ತೆ."

ನಾದಿನಿ ಫೋನ್ ಕಿತ್ತುಕೊಂಡು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಹುಬ್ಬು ಮೇಲೇರಿತು.

"ಅಲ್ಲ ಭಾವ, ಗೊರಕೆ ಕೇಳೋಕೆ ಮೈಕ್ ಬೇಕು, ಒಪ್ಪಿದೆ. ನಂಬರ್‌ಗಳೆಲ್ಲ ಅದಕ್ಕೆ ಯಾಕೆ? ಮೆಸೇಜ್ ಕಳಿಸೋದು ಯಾಕೆ? ಇಲ್ಲಿ ನೋಡಿ, ಟಾರ್ಚ್ ಆ್ಯಪಿಗೆ ನಿಮ್ಮ ಫೋಟೊ ನೋಡೋ ಪರ್ಮಿಷನ್ ಕೊಟ್ಟಿದ್ದೀರ. ಕತ್ತಲಲ್ಲಿ ನಿಮ್ಮ ಮುಖ ನೋಡಿ ಅದೇನು ಮಾಡುತ್ತೆ? ಮನೆಗೆ ನಲ್ಲಿ ರಿಪೇರಿಗೆ ಬಂದವನು ಬೀರು ಕೀಲಿ ಕೊಡಿ ಅಂದ್ರೆ ಕೊಡ್ತೀರಾ?"

"ಇಲ್ಲ."

"ಹಾಗೇ ಇದೂನೂ. ಯಾವ ಕೆಲಸಕ್ಕೆ ಏನು ಬೇಕೋ ಅಷ್ಟು ಮಾತ್ರ ಕೊಡಬೇಕು. ಕೇಳ್ತಿರೋದು ಯಾರು, ಯಾಕೆ ಕೇಳ್ತಿದ್ದಾರೆ ಅಂತ ನೋಡಬೇಕು." ಗೊರಕೆ ಆ್ಯಪನ್ನು ಕಿತ್ತು ಹಾಕಿದಳು. ಉಳಿದವುಗಳಿಗೆ ಕೊಟ್ಟ ಅನುಮತಿಯನ್ನು ವಾಪಸು ಪಡೆಯುವುದು ಎಲ್ಲಿ ಎಂದೂ ತೋರಿಸಿದಳು. "ಬೇಡದ್ದನ್ನ ನೀವೇ ತೆಗೀರಿ. ಕೈಗೆ ಅಭ್ಯಾಸ ಆಗಲಿ," ಎಂದು ಅಕ್ಕನ ಜೊತೆ ಅಡುಗೆಮನೆಗೆ ಹೋದಳು.

ನಾಚಿಕೆಯಿಂದ ಬೆಂದ ಮನುಷ್ಯನಿಗೆ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಆರಿಸುವ ತಾಳ್ಮೆ ಎಲ್ಲಿರುತ್ತದೆ? ಮೆತ್ತಣ್ಣ ಒಂದು ಕಡೆಯಿಂದ ಎಲ್ಲವನ್ನೂ ತೆಗೆದ. ಕ್ಯಾಮೆರಾ ಬೇಡ. ಮೈಕ್ ಬೇಡ. ಯಾರಿಗೂ ಏನೂ ಬೇಡ. ಕಳೆ ಕೀಳುವ ಸಿಟ್ಟಿನಲ್ಲಿ ಪೈರನ್ನೂ ಕಿತ್ತೆಸೆಯುವವನ ಹಾಗೆ ಒತ್ತಿದ್ದೇ ಒತ್ತಿದ್ದು. ಮುಗಿದಾಗ ದಿನದಲ್ಲಿ ಮೊದಲ ಸಲ ಅವನಿಗೆ ಉಸಿರು ಸರಾಗವಾಗಿ ಬಂತು.

ಆಗ ಫೋನ್ ಹೊಡೆದುಕೊಂಡಿತು. ಯಜಮಾನರು! ಅವರು ಮಾಮೂಲಿ ಫೋನ್ ಮಾಡುವವರಲ್ಲ, ಯಾವಾಗಲೂ ಮೆಸೇಜ್ ಆ್ಯಪಿನಲ್ಲೇ ಕರೆ. ಮೆತ್ತಣ್ಣ ಗಂಟಲು ಸರಿಮಾಡಿಕೊಂಡ. 'ತಪ್ಪಾಯ್ತು ಯಜಮಾನ್ರೇ' ಎಂಬ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ಹಸಿರು ಗುಂಡಿ ಒತ್ತಿದ.

ಫೋನ್ ಕೇಳಿತು: ಮೈಕ್ ಬಳಸಲು ಅನುಮತಿಸುವಿರಾ?

"ಮತ್ತೆ ಬಂದೆಯಾ ಕಳ್ಳಾ!" ಎಂದು ಮೆತ್ತಣ್ಣ 'ಅನುಮತಿಸಬೇಡಿ' ಒತ್ತಿದ. ಕರೆ ಕಟ್ಟಾಯಿತು.

ಅವರೇ ಇಟ್ಟುಬಿಟ್ಟರು ಎಂದುಕೊಂಡ. ಮತ್ತೆ ಹೊಡೆದುಕೊಂಡಿತು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ, ಮತ್ತೆ ಕಟ್. ಮೂರನೆಯ ಸಲವೂ ಹಾಗೇ ಆಯಿತು. ಮೆತ್ತಣ್ಣನ ಕಣ್ಣು ಒದ್ದೆಯಾಯಿತು. ಎಂಥಾ ಸಿಟ್ಟಿರಬೇಕು ಅವರಿಗೆ! ಫೋನ್ ಮಾಡುತ್ತಾರೆ, ನಾನು ಎತ್ತಿದ್ದು ಗೊತ್ತಾದ ಕೂಡಲೇ ಕುಕ್ಕುತ್ತಾರೆ. ನನ್ನ 'ಹಲೋ' ಕೂಡ ಅವರ ಕಿವಿಗೆ ಬೇಡವಾಯಿತು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನಿಗೆ ಕರೆ ಬಂತು. ಮಾತಾಡಿದವನು ದಿಂಬು.

"ಮೆತ್ತಣ್ಣಾ, ಏನಣ್ಣ ನೀವು! ಯಜಮಾನ್ರು ಮೂರು ಸಲ ಮಾಡಿದ್ರೆ ಮೂರು ಸಲವೂ ಅವರ ಮುಖದ ಮೇಲೆ ಕಟ್ ಮಾಡಿದ್ರಂತೆ?"

"ನಾನಾ? ಕಟ್ ಮಾಡಿದ್ದು ಅವರಲ್ವಾ?"

"ಅವರು ಯಾಕಣ್ಣ ಮಾಡ್ತಾರೆ? ವಾಪಸು ಬಾ ಅಂತ ಹೇಳೋಕೆ ಮಾಡಿದ್ದು! ಇಲ್ಲಿ ಅಂಗಡಿ ತುಂಬ ಜನ. ರಾತ್ರಿ ಪಾಳಿ ನರ್ಸುಗಳು, ಬಸ್ ಡ್ರೈವರುಗಳು, ಹೆಡ್‌ಮಿಸ್ಸಿನ ಗಂಡ ಕೂಡ ವಾಪಸು ಬಂದಿದ್ದಾರೆ. ಗೊರಕೆ ಹಾಳಾಗಿ ಹೋಗ್ಲಿ, ಹಾಡುಹಗಲು ಬಸ್ ಸ್ಟ್ಯಾಂಡಿನ ಎದುರಿಗೆ ಇಂಥಾ ನಿದ್ದೆ ಬರುತ್ತೆ ಅಂದ್ರೆ ಆ ಹಾಸಿಗೆನೇ ಕೊಡಿ ಅಂತಾರೆ! ಹೊಸ ಬೋರ್ಡ್ ಬರೆಸೋಕೆ ಹೋಗಿದೆ, 'ಗೊರಕೆ ಬರಿಸುವ ಹಾಸಿಗೆ' ಅಂತ."

ಮೆತ್ತಣ್ಣ ಧಡಕ್ಕನೆ ಎದ್ದ. "ಬಂದೆ ಅಂತ ಹೇಳೋ! ಈಗಲೇ ಬಂದೆ!"

"ಬೇಡಣ್ಣ." ದಿಂಬುವಿನ ದನಿ ತಗ್ಗಿತು. "ಇಷ್ಟು ಸೊಕ್ಕಿನವನು ನನಗೆ ಬೇಡ ಅಂದುಬಿಟ್ರು. ಹಾಸಿಗೆ ಮೇಲೆ ನನ್ನನ್ನೇ ಮಲಗಿಸಿದ್ದಾರೆ."

"ನಿನ್ನನ್ನಾ? ನಿನಗೆ ಗೊರಕೆ ಎಲ್ಲೋ ಬರುತ್ತೆ?"

"ಬರಲ್ಲ. ನಾನೂ ಅದೇ ಹೇಳಿದೆ. ಪರವಾಗಿಲ್ಲ, ನೀನು ಸುಮ್ಮನೆ ಬಾಯಿ ತೆರೆದುಕೊಂಡು ಮಲಗು, ಸ್ಪೀಕರಲ್ಲಿ ಮೆತ್ತಣ್ಣಂದು ಹಾಕ್ತೀವಿ ಅಂದ್ರು." ಹಿಂದಿನಿಂದ ಗರ್‌ರ್‌ರ್ ಎಂದು ಕೇಳಿಸಿತು, ನಡುವೆ ಜನರ ಚಪ್ಪಾಳೆ. "ನಿಮಗೆ ಅನ್ಯಾಯ ಆಗಬಾರದು ಅಂತ ನಾನು ಕೇಳಿಯೂ ಕೇಳಿದೆ ಅಣ್ಣ. ಮೆತ್ತಣ್ಣನ ಗೊರಕೆ ಹಾಕೋಕೆ ಅವರ ಅನುಮತಿ ಬೇಡವಾ ಅಂದೆ. ಅದಕ್ಕೆ ಯಜಮಾನ್ರು ನಕ್ಕುಬಿಟ್ರು."

"ಏನಂದ್ರೋ?"

"'ಅವನು ಕಂಡಕಂಡವರಿಗೆಲ್ಲ ಆಗಲೇ ಕೊಟ್ಟಾಗಿದೆ' ಅಂದ್ರು."