ಕಡಿಯಾಳಿಯ ಬಣ್ಣದ ಹುಲಿ

ಹುಲಿವೇಷದ ಬಣ್ಣ ಬಳಿಯುವುದಕ್ಕೆ ಆರು ಗಂಟೆ ಬೇಕು. ತೆಗೆಯುವುದಕ್ಕೆ ಒಂದು ಬಾಟಲಿ ಚಿಮಿಣಿ ಎಣ್ಣೆ ಸಾಕು. ಆ ಒಂದು ಬಾಟಲಿ ಸಿಗದೆ ಮುದ್ದಣ್ಣ ಕೆಟ್ಟ.

ತಪ್ಪು ಅವನದೇ. ಕಡಿಯಾಳಿಯಲ್ಲಿ ಅಷ್ಟಮಿಯ ವೇಷ ಮುಗಿದ ಸಂಜೆ ತಂಡದ ಹನ್ನೆರಡು ಹುಲಿಗಳು ಎಣ್ಣೆಯ ಡಬ್ಬಿಯ ಸುತ್ತ ಸೇರಿದಾಗ, "ನೀವು ಮೊದಲು ತೆಗೆಯಿರಿ, ನನಗೆ ಅವಸರ ಇಲ್ಲ" ಎಂದು ಬದಿಗೆ ಸರಿದು ನಿಂತವನು ಅವನೊಬ್ಬನೇ. ಹನ್ನೊಂದು ಹುಲಿಗಳು ಮನುಷ್ಯರಾಗಿ ಮನೆಗೆ ಹೋದವು. ಡಬ್ಬಿಯ ತಳದಲ್ಲಿ ಉಳಿದದ್ದು ಒಂದು ಕಿವಿಗೂ ಸಾಲುವಂತಿರಲಿಲ್ಲ.

ನಲವತ್ತೆರಡು ವರ್ಷ ಅವನು ಬಾಳಿದ್ದೇ ಹಾಗೆ. ಬಸ್ಸಿನಲ್ಲಿ ತನ್ನ ಕಾಲು ತುಳಿದವನಿಗೆ ತಾನೇ "ಸಾರಿ" ಹೇಳುವವನು. ಗಂಜಿಗೆ ಹೆಂಡತಿ ಉಪ್ಪು ಮರೆತರೂ ಚಪ್ಪರಿಸಿ ಉಣ್ಣುವವನು. ಆದರೆ ಮುಚ್ಚಳ ಹಾಕಿದ ಪಾತ್ರೆಯ ಹಾಗೆ ಒಳಗೊಳಗೇ ಏನೋ ಕುದಿಯುತ್ತಿತ್ತು. ಈ ವರ್ಷ ಅದು ಉಕ್ಕಿತು. ಬಸ್ಸುಗಳಿಗೆ ಹೆಸರು ಬರೆಯುವ ವಾಸು ಬ್ರಶ್ ಹಿಡಿದು, "ಪಟ್ಟೆ ಹುಲಿಯಾ, ಚುಕ್ಕೆಯ ಚಿಟ್ಟೆ ಹುಲಿಯಾ?" ಎಂದು ಕೇಳಿದ್ದಕ್ಕೆ ಮುದ್ದಣ್ಣ ಕಣ್ಣುಮುಚ್ಚಿ, "ನಿನ್ನ ಹತ್ತಿರ ಎಂತ ಬಣ್ಣ ಉಂಟೋ ಎಲ್ಲ ಹಾಕು ಮಾರಾಯ" ಅಂದುಬಿಟ್ಟ.

ವಾಸುವಿಗೂ ಅಂಥ ಮಾತು ಹೇಳುವವರು ಬೇಕಾಗಿತ್ತು. ಹೊಟ್ಟೆ ಪೂರಾ ಕೆಂಪು, ಅದರ ಮೇಲೆ ನೀಲಿ ಜ್ವಾಲೆ, ತೋಳಿಗೆ ಹಸಿರು ಬಳೆ, ಎಲ್ಲದರ ಸುತ್ತ ಕಪ್ಪು ಗೆರೆ, ಬೆನ್ನಿನಲ್ಲಿ ಬಾಯಿ ತೆರೆದ ಇನ್ನೊಂದು ಹಳದಿ ಹುಲಿ. ಯಾವ ಕಾಡಿನಲ್ಲೂ ಇಲ್ಲದ ಆ ಮೃಗ ತಾಸೆ ವಾದ್ಯದ ಬಡಿತಕ್ಕೆ ಕುಣಿದು ಒಮ್ಮೆ ಗರ್ಜಿಸಿದಾಗ ಪೊಲೀಸಿನವನೊಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಮುದ್ದಣ್ಣನನ್ನು ಕಂಡು ಹಿಂದೆ ಸರಿದ ಮೊದಲ ಮನುಷ್ಯ ಅವನು.

ಇದೆಲ್ಲ ನಿನ್ನೆಯ ಸುಖ. ಇವತ್ತು ಬೆಳಿಗ್ಗೆ ಹುಲಿ ಅಡುಗೆಕೋಣೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಚಹಾ ಕುಡಿಯುತ್ತಿತ್ತು.

"ರೇಷನ್ ಅಂಗಡಿಗೆ ಎಣ್ಣೆ ಬರುವುದು ಶನಿವಾರವಂತೆ" ಎಂದಳು ಹೆಂಡತಿ ಸುಗಂಧಿ, ಖಾಲಿ ಬಾಟಲಿ ನೆಲಕ್ಕೆ ಕುಕ್ಕಿ. "ಹತ್ತು ಗಂಟೆಗೆ ಆಫೀಸು ಉಂಟಲ್ಲ, ಹೀಗೇ ಹೋಗುತ್ತೀರಾ?"

ಮುದ್ದಣ್ಣ ಕಾಪುವಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅಲ್ಲಿನ ಮ್ಯಾನೇಜರ್ ಸಿಲ್ವೆಸ್ಟರ್ ಏನನ್ನಾದರೂ ಸಹಿಸುತ್ತಿದ್ದರು, ಸುಳ್ಳು ಹೇಳಿ ರಜೆ ಹಾಕುವುದನ್ನು ಬಿಟ್ಟು. ಅಜ್ಜಿಯನ್ನು ಎರಡನೆಯ ಸಲ ಸಾಯಿಸಿದ ಒಬ್ಬನನ್ನು ಅದೇ ದಿನ ಮನೆಗೆ ಕಳಿಸಿದ್ದರು. ಮುದ್ದಣ್ಣ ಕೊಟ್ಟಿದ್ದು ಎರಡು ದಿನದ ಜ್ವರದ ಅರ್ಜಿ. ವೇಷದ ಸುದ್ದಿ ಗೊತ್ತಾದರೆ ಕೆಲಸ ಹೋಯಿತೆಂದೇ ಲೆಕ್ಕ.

"ಇವತ್ತೂ ಜ್ವರ ಅಂತ ಹೇಳಿ ಕಳಿಸು" ಎಂದಿತು ಹುಲಿ, ಮೆಲ್ಲಗೆ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಅಕ್ಕು ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. "ಮುದ್ದಣ್ಣಾ, ಇದು ಹರಳೆಣ್ಣೆ ಕುಡಿಯುವುದಿಲ್ಲ ಅಂತ ಹಠ ಮಾಡುತ್ತದೆ. ಒಮ್ಮೆ ಗರ್ಜಿಸು ಮಗಾ."

ಇಲ್ಲವೆನ್ನಲು ಅವನಿಗೆ ಬಾರದು. ಗರ್ಜಿಸಿದ. ಮಗು ಎಣ್ಣೆ ಕುಡಿಯಿತು. ಅರ್ಧ ಗಂಟೆಯಲ್ಲಿ ಓಣಿಯ ಹಠಮಾರಿ ಮಕ್ಕಳೆಲ್ಲ ಲೋಟ, ಚಮಚ ಸಮೇತ ಅಂಗಳದಲ್ಲಿ ಸಾಲಾಗಿ ನಿಂತವು.

ಎದುರು ಮನೆಯ ಬರ್ತಾ ಬಾಯಿ ಎಂಬವಳಿಗೆ ಮಾತ್ರ ಕರುಣೆ ಬಂತು. "ಎಂತ ಸುಗಂಧಿ, ಪಾಪ, ಇವರನ್ನು ಹೀಗೆ ಬಿಡುವುದಾ? ತೆಂಗಿನೆಣ್ಣೆ ಹಾಕಿ ತಿಕ್ಕುವ." ತಿಕ್ಕಿದರು. ಬಣ್ಣ ಹೋಗಲಿಲ್ಲ, ಹೊಳಪು ಬಂತು. ಅಕ್ಕು ಬೂದಿ ತಂದಳು. ಬೂದಿ ಎಣ್ಣೆಗೆ ಅಂಟಿ, ಹುಲಿ ಹಿಟ್ಟಿನಲ್ಲಿ ಹೊರಳಿಸಿದ ಬಂಗುಡೆ ಮೀನಿನ ಹಾಗೆ ಕಂಡಿತು.

"ನಮ್ಮ ಡೆನಿಸ್ ಬೆಳ್ಮಣ್ ಟ್ರಿಪ್ಪಿಗೆ ಹೋಗಿದ್ದಾರೆ" ಎಂದಳು ಬರ್ತಾ ಬಾಯಿ. ಡೆನಿಸ್ ಅವಳ ಗಂಡ, ಬಸ್ಸಿನ ಡ್ರೈವರ್. "ಬರುವಾಗ ಎಲ್ಲಿಂದಾದರೂ ಒಂದು ಬಾಟಲಿ ಎಣ್ಣೆ ತರಲಿಕ್ಕೆ ಹೇಳಿ ಕಳಿಸುತ್ತೇನೆ. ಮಧ್ಯಾಹ್ನದವರೆಗೆ ಸುಮ್ಮನೆ ಕೂತುಕೊಳ್ಳಿ, ಆಯ್ತಾ?"

ಸುಮ್ಮನೆ ಕೂರುವ ಯೋಗ ಇರಲಿಲ್ಲ. ಹನ್ನೊಂದು ಗಂಟೆಗೆ ಸಿಲ್ವೆಸ್ಟರರ ಸ್ಕೂಟರ್ ಓಣಿಯ ಬಾಯಿಗೆ ಬಂತು. ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡು. ಮಕ್ಕಳು ಚದುರಿದವು. ಮುದ್ದಣ್ಣ ಚಾವಡಿಯ ಚಾಪೆಗೆ ಹಾರಿ, ಹೊದಿಕೆಯನ್ನು ನೆತ್ತಿಯವರೆಗೆ ಎಳೆದುಕೊಂಡ.

"ಮೂರನೆಯ ದಿನವೂ ಜ್ವರವಾ? ಇಲ್ಲಿ ಪೇಟೆಗೆ ಬಂದಿದ್ದೆ, ನೋಡಿ ಹೋಗುವ ಅಂತ" ಎನ್ನುತ್ತ ಮ್ಯಾನೇಜರು ಚಪ್ಪಲಿ ಬಿಟ್ಟರು. ಹೊದಿಕೆಯ ತುದಿಗೆ ಕೈ ಹಾಕುವುದಕ್ಕೆ ಇನ್ನು ಎರಡು ಮೊಳ.

ಸುಗಂಧಿಗೆ ಆ ಕ್ಷಣ ಬಾಯಿಗೆ ಬಂದದ್ದು ಒಂದೇ. "ಒಳಗೆ ಬರಬೇಡಿ ಸರ್! ಅವರಿಗೆ ಸಿಡುಬು!"

ಸಿಲ್ವೆಸ್ಟರ್ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು, ಬ್ರೆಡ್ಡನ್ನು ಮೆಟ್ಟಿಲ ಮೇಲಿಟ್ಟು, ಹಿಮ್ಮುಖವಾಗಿಯೇ ಸ್ಕೂಟರಿನವರೆಗೆ ನಡೆದರು.

"ನಿನಗೆ ಎಷ್ಟು ಬುದ್ಧಿ ಮಾರಾಯ್ತಿ!" ಎಂದಿತು ಹೊದಿಕೆಯೊಳಗಿನ ಹುಲಿ.

ಎರಡು ಗಂಟೆಗೆ ಡೆನಿಸ್ ಬಾಟಲಿ ತಂದ. ಬಚ್ಚಲಿನಲ್ಲಿ ಡೆನಿಸ್ ಒಂದು ಕಡೆ, ಸುಗಂಧಿ ಇನ್ನೊಂದು ಕಡೆ, ಕೈಯಲ್ಲಿ ತೆಂಗಿನ ನಾರು. "ಇನ್ನು ಸ್ವಲ್ಪ ಮುದ್ದಣ್ಣ, ಬೆನ್ನಿನ ಹುಲಿ ಇನ್ನೂ ನನ್ನನ್ನೇ ನೋಡುತ್ತಾ ಉಂಟು" ಎನ್ನುತ್ತ ಡೆನಿಸ್ ಬಸ್ಸು ತೊಳೆಯುವ ಉತ್ಸಾಹದಲ್ಲಿ ಉಜ್ಜಿದ. ಹುಲಿ ಹೋಯಿತು. ಅದರ ಜೊತೆಗೆ ಚರ್ಮದ ಸಿಪ್ಪೆಯೂ ಹೋಯಿತು. ಮೂರೂವರೆಗೆ ಹೊರಗೆ ಬಂದ ಮುದ್ದಣ್ಣ ಮೆಣಸು ಅರೆದ ಕಲ್ಲಿನಷ್ಟು ಕೆಂಪಗಿದ್ದ. ಮೈತುಂಬ ಗುಳ್ಳೆ, ಗುಳ್ಳೆಯ ನಡುವೆ ಬಿಡದೆ ಕೂತ ಕಪ್ಪು ಬಣ್ಣದ ಚುಕ್ಕೆ.

ಆಗಲೇ ಓಣಿಗೆ ಜೀಪು ಬಂದದ್ದು.

ಸಿಡುಬು ಕಂಡರೆ ತಕ್ಷಣ ತಿಳಿಸಿ ಎಂದು ಸರಕಾರ ಗೋಡೆಗೋಡೆಗೆ ಬರೆಸಿದ್ದ ಕಾಲ ಅದು. ಸಿಲ್ವೆಸ್ಟರ್ ಗೋಡೆಯ ಮಾತನ್ನೂ ಮೀರುವವರಲ್ಲ. ಜೀಪಿನ ಹಿಂದೆಯೇ ಅವರ ಸ್ಕೂಟರೂ ಬಂತು. ಜೀಪಿನಿಂದ ಕಂಪೌಂಡರನ ಜೊತೆ ಒಬ್ಬ ಎಳೆಯ ಡಾಕ್ಟರು ಇಳಿದರು. ಸಿಡುಬನ್ನು ಅವರು ನೋಡಿದ್ದು ಕೈಯಲ್ಲಿದ್ದ ಚಿತ್ರದ ಕಾರ್ಡಿನಲ್ಲಿ ಮಾತ್ರ. ಕಾರ್ಡು ನೋಡಿದರು, ಮುದ್ದಣ್ಣನನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು.

"ಜ್ವರ ಯಾವಾಗಿನಿಂದ?"

"ಮೂರು ದಿನ" ಎಂದು ದೂರದಿಂದ ಮ್ಯಾನೇಜರೇ ಉತ್ತರಿಸಿದರು. "ಅರ್ಜಿ ನನ್ನ ಹತ್ತಿರ ಉಂಟು."

"ಹಾಗಾದರೆ ಊರ ಹೊರಗಿನ ವಾರ್ಡಿನಲ್ಲಿ ಮೂರು ವಾರ ಪ್ರತ್ಯೇಕ ಇಡಬೇಕು."

ಮುದ್ದಣ್ಣ ಜೀವಮಾನದ ಧೈರ್ಯವನ್ನೆಲ್ಲ ಒಟ್ಟು ಮಾಡಿದ. ಕೆಲಸ ಹೋದರೆ ಹೋಗಲಿ. "ಡಾಕ್ಟ್ರೇ, ಜ್ವರವೂ ಸುಳ್ಳು, ಸಿಡುಬೂ ಸುಳ್ಳು. ನಾನು ಹುಲಿ."

ಡಾಕ್ಟರು ಪೆನ್ನು ನಿಲ್ಲಿಸಿದರು. "ಎಂತ?"

"ಹುಲಿ. ಈಗ ಅಲ್ಲ, ಮಧ್ಯಾಹ್ನದವರೆಗೆ. ಇವರೆಲ್ಲ ನೋಡಿದ್ದಾರೆ, ಕೇಳಿ."

ಓಣಿಯವರು ಮುಖ ಮುಖ ನೋಡಿಕೊಂಡರು. ಎದುರಿಗೆ ಮ್ಯಾನೇಜರು. ಪಾಪ, ನೋವಿನಲ್ಲಿ ಬಾಯಿ ಜಾರಿ ಅನ್ನಕ್ಕೆ ಕಲ್ಲು ಹಾಕಿಕೊಳ್ಳುತ್ತಿದ್ದಾನೆ. ನೆರೆಹೊರೆ ಇರುವುದು ಮತ್ತೆಂತಕ್ಕೆ? ಅಕ್ಕು ಮುಂದೆ ಬಂದು ಮುದ್ದಣ್ಣನಿಗೆ ಕಣ್ಣು ಹೊಡೆದಳು. "ನಮ್ಮ ಮುದ್ದಣ್ಣ ಹುಲಿಯಾ! ಬೆಕ್ಕು ಬಂದರೆ ಮೀನು ಬಿಟ್ಟು ಏಳುವ ಜನ ಇದು."

ಬರ್ತಾ ಬಾಯಿ ಕೊರಳಿನ ಶಿಲುಬೆಯನ್ನು ರವಿಕೆಯೊಳಗೆ ಸೇರಿಸಿ, "ನಾವು ಯಾವ ಹುಲಿಯನ್ನೂ ನೋಡಲಿಲ್ಲ ಡಾಕ್ಟ್ರೇ" ಎಂದಳು. ಡೆನಿಸನೂ ತಲೆಯಾಡಿಸಿದ.

"ಬೇಡ, ನಿಜ ಹೇಳಿ!" ಎಂದು ಮುದ್ದಣ್ಣ ಗೋಗರೆದ. ಅವರು ಇನ್ನೂ ಪ್ರೀತಿಯಿಂದ ಇಲ್ಲವೆಂದರು. ಕೊನೆಗೆ ಬೇರೆ ದಾರಿ ಕಾಣದೆ ಅವನು ಅಂಗಳದ ನಡುವೆ ಮಂಡಿಯೂರಿ, ಎರಡೂ ಕೈ ಪಂಜ ಮಾಡಿ, ಹೆಂಚು ಅದುರುವ ಹಾಗೆ ಗರ್ಜಿಸಿದ.

"ಜ್ವರ ತಲೆಗೆ ಏರಿದೆ" ಎಂದು ಡಾಕ್ಟರು ಬರೆದುಕೊಂಡರು. "ಜೀಪಿಗೆ ಹತ್ತಿಸಿ. ಇನ್ನು ಇವತ್ತು ಈ ಮನೆಗೆ ಬಂದವರು, ಇವರನ್ನು ಮುಟ್ಟಿದವರು, ಎಲ್ಲ ಸಾಲಾಗಿ ನಿಲ್ಲಿ. ಸೂಜಿ ಉಂಟು."

ಓಣಿಗೆ ಒಮ್ಮೆಲೇ ಸತ್ಯ ನೆನಪಾಯಿತು. "ಅಯ್ಯೋ, ಹುಲಿಯೇ ಡಾಕ್ಟ್ರೇ! ಕೆಂಪು ಹುಲಿ! ನೀಲಿ ಹುಲಿ! ನಾವೇ ತಿಕ್ಕಿದ್ದು, ಬೂದಿ ಹಾಕಿ!"

ಡಾಕ್ಟರು ಸೂಜಿಯ ಪೆಟ್ಟಿಗೆ ತೆರೆಯುತ್ತ ಕಂಪೌಂಡರನ ಕಡೆ ತಿರುಗಿದರು. "ನೋಡಿದಿರಲ್ಲ? ಸೂಜಿ ಕಂಡರೆ ಜನ ಎಂತ ಬೇಕಾದರೂ ಹೇಳುತ್ತಾರೆ."

ಜೀಪಿನ ಹಿಂದಿನ ಸೀಟಿನಲ್ಲಿ ಮುದ್ದಣ್ಣ ಕೂತ. ಸಿಲ್ವೆಸ್ಟರ್ ಮೂಗಿಗೆ ಕರವಸ್ತ್ರ ಒತ್ತಿ ಹತ್ತು ಅಡಿ ದೂರ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು.

"ಮುದ್ದಣ್ಣ, ಇಪ್ಪತ್ತು ವರ್ಷದಲ್ಲಿ ಸುಳ್ಳು ಅರ್ಜಿ ಎಷ್ಟು ನೋಡಿದ್ದೇನೆ! ನಿಮ್ಮದೊಂದು ನಿಜ ಆಯಿತು. ಆಫೀಸಿನ ಚಿಂತೆ ಮಾಡಬೇಡಿ. ಇಲ್ಲಿಂದ ಹೋದವನೇ ನಿಮ್ಮ ಕುರ್ಚಿಗೆ ಒಬ್ಬ ಒಳ್ಳೆಯ ಜನವನ್ನು ನೋಡಿದೆ. ಸುಮ್ಮನೆ ಮೂರು ವಾರಕ್ಕೆ ಯಾರು ಬರುತ್ತಾರೆ ಹೇಳಿ? ಅವನನ್ನೇ ಖಾಯಂ ಮಾಡಿಬಿಟ್ಟೆ. ನೀವು ಆರಾಮವಾಗಿ ಗುಣವಾಗಿ."

ಮುದ್ದಣ್ಣನ ಹೊಟ್ಟೆಯ ತಳದಿಂದ ಏನೋ ಒಂದು ಎದ್ದು, ಎದೆ ದಾಟಿ, ಗಂಟಲಿನವರೆಗೆ ಬಂತು. ಅವನು ದೊಡ್ಡದಾಗಿ ಬಾಯಿ ತೆರೆದ.

"ಉಪಕಾರ ಆಯಿತು ಸರ್" ಎಂದ.