ದೊಡ್ಡವ್ವನ ಮೊಣಕಾಲ ಚಿಪ್ಪು

ಕಂಡವರನ್ನೆಲ್ಲ ನಂಬುತ್ತಿದ್ದ ನಮ್ಮ ದೊಡ್ಡವ್ವ ತನ್ನ ಎಡ ಮೊಣಕಾಲ ಚಿಪ್ಪನ್ನು ಮಾತ್ರ ಜೀವಮಾನದಲ್ಲಿ ನಂಬಲಿಲ್ಲ! ತೀರಿಕೊಂಡವರ ಚಾಡಿ ಹೇಳಬಾರದು, ನಿಜ. ಆದರೆ ಇದು ಅವಳೇ ಊರಿಗೆಲ್ಲ ಹೇಳಿಕೊಂಡು ತಿರುಗಿದ ಚಾಡಿ.

ಬಸ್ಸಿನಲ್ಲಿ ಗುರುತಿಲ್ಲದವರ ಕೈಗೆ ಚೀಲ ಕೊಟ್ಟು ಇಳಿದು ಹೋಗಿ ಚಹಾ ಕುಡಿದು ಬರುವವಳು ಅವಳು. ಚಿಪ್ಪಿಗೆ ಮಾತ್ರ ಸದಾ ಪಹರೆ. ಅದರದೂ ತಪ್ಪಿತ್ತೆನ್ನಿ. ಕೂರುವಾಗ, ಏಳುವಾಗ, ಹೇಳದೆ ಕೇಳದೆ ಹೊರಮಗ್ಗುಲಿಗೆ ಜಾರಿಬಿಡುತ್ತಿತ್ತು. ದೊಡ್ಡವ್ವ ಹಲ್ಲು ಕಚ್ಚಿ ಅದನ್ನು ಅಂಗೈಯಿಂದ ಒತ್ತಿ, "ನಡಿ ಮನಿಗೆ, ಮಂಗ್ಯಾ!" ಎಂದು ಒಳಗೆ ಅಟ್ಟುತ್ತಿದ್ದಳು.

ನೋವಿಗಿಂತ ದೊಡ್ಡ ಚಿಂತೆ ಅವಳಿಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಾಗೆಯೇ ಮಣ್ಣು ಮಾಡುತ್ತಾರೆ.

"ನನ್ನ ಕಾಲು ಮಡಚುವಾಗ ಚಿಪ್ಪು ಜಾರಿದ್ರ? ನನ್ನ ತವರು ತಿಳವಳ್ಳಿ ಮಂದಿ ಎಲ್ಲಾ ಬಂದಿರ್ತಾರ. ಸೊಟ್ಟ ಕುಂತು ಮಾರಿ ತೋರಸಲೇನು?"

"ಆಗ ನಿನಗ ನೋವು ಗೊತ್ತಾಗೂದಿಲ್ಲ ಬಿಡು ದೊಡ್ಡವ್ವಾ" ಎಂದೆ.

"ನೋವಿನ ಮಾತು ಯಾರಾಡಿದ್ರು? ಇದು ಮರ್ಯಾದಿ ಮಾತು!"

ಹಾನಗಲ್ಲಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಚಿಪ್ಪು ಸಂಭಾವಿತನಂತೆ ತನ್ನ ಜಾಗದಲ್ಲೇ ಕುಳಿತಿತ್ತು. ಹುಬ್ಬಳ್ಳಿಯಲ್ಲಿ ಎಂಆರ್‌ಐ ಆಯಿತು. ಚಿಪ್ಪು ಓಡಾಡುವ ತಗ್ಗು ಅಷ್ಟು ಆಳವಿಲ್ಲ ಎಂದು ತಿಳಿಯಿತೇ ಹೊರತು ಅದು ಜಾರುವುದು ಕಾಣಲಿಲ್ಲ. ದೊಡ್ಡವ್ವ ಕೆರಳಿದಳು.

"ಅಲ್ರೀ ಡಾಕ್ಟ್ರ, ಅಲ್ಲಾಡಬ್ಯಾಡ ಅಂತ ಮಲಗಿಸಿ ಫೋಟೋ ಹೊಡದ್ರ ಅದ್ಯಾಕ ಜಾರ್ತೈತ್ರಿ? ಪೊಲೀಸರ ಮುಂದ ಯಾವ ಕಳ್ಳ ಕಳವು ಮಾಡ್ತಾನ್ರೀ?"

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀವು ಅನ್ನೂದು ಖರೇ ಐತ್ರಿ" ಎಂದು, ಕಾಲು ಆಡಿಸುತ್ತಿರುವಾಗಲೇ ಚಿತ್ರ ತೆಗೆಯುವ ಸ್ಕ್ಯಾನ್ ಬರೆದುಕೊಟ್ಟರು.

ಆ ದಿನ ದೊಡ್ಡವ್ವ ಚಿತ್ರಕ್ಕೆಂದು ಇಳಕಲ್ ಸೀರೆ ಉಟ್ಟಳು. ಯಂತ್ರ ನಡೆಸುವವನಿಗೆ ಬಾಯಾಡಿಸಲು ಸವಣೂರು ಖಾರದ ಪೊಟ್ಟಣ. ಸೀರೆ ಬಿಚ್ಚಿಸಿ ಆಸ್ಪತ್ರೆಯ ಅಂಗಿ ಹಾಕಿಸಿದರು. ಖಾರ ಮಾತ್ರ ಸಂದಾಯವಾಯಿತು!

"ಸಾವಕಾಶ ಮಡಚ್ರಿ ಅಮ್ಮಾ... ಈಗ ನೀಡ್ರಿ."

ಆಮೇಲೆ ಅವನು ಪರದೆಯ ಮೇಲೆ ತೋರಿಸಿದ. ಕಾಲು ನೀಡುತ್ತಿದ್ದಂತೆ ಬೂದುಬಣ್ಣದ ಚಿಪ್ಪು ಮೇಲೇರಿ ಹೊರಗೆ ವಾಲಿತು. ಮಡಚಲು ಶುರುವಾದಾಗ ಅಂಚಿನಲ್ಲಿ ತಡವರಿಸಿ, ಆಮೇಲೆ ತಗ್ಗಿಗೆ ಇಳಿಯಿತು.

"ಸಿಕ್ಕಬಿದ್ದಿ ನೋಡು!" ದೊಡ್ಡವ್ವ ಚಪ್ಪಾಳೆ ತಟ್ಟಿದಳು. "ಇನ್ನೊಮ್ಮೆ ಹಾಕ್ರೀ ತಮ್ಮಾ." ಅವನು ಹಾಕಿದ. "ಇನ್ನೊಮ್ಮೆ." ಪಾಪ, ಖಾರದ ಋಣ! ಕೊನೆಗೆ ಆ ಚಿಪ್ಪಿನ ದಾರಿ ನನಗೂ ಬಾಯಿಪಾಠವಾಯಿತು.

ಆಪರೇಷನ್ನಿಗೆ ದಿನ ಗೊತ್ತಾಯಿತು. ಅಷ್ಟರೊಳಗೆ ಅವಳ ಹೃದಯ ನಿಂತಿತು. ಅದರ ಮೇಲೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

ಮೈತೊಳೆದ ಮೇಲೆ ಹಿರಿಯರು ಅವಳ ಕಾಲು ಮಡಚಲು ಬಗ್ಗಿದರು.

"ತಡೀರಿ" ಎಂದೆ.

ಪಕ್ಕದಲ್ಲಿ ಕುಳಿತು ಚಿಪ್ಪಿನ ಹೊರಮಗ್ಗುಲಿಗೆ ಹೆಬ್ಬೆರಳು ಕೊಟ್ಟು ಒಳಕ್ಕೆ ಒತ್ತಿದೆ. "ಈಗ ಮಡಚ್ರಿ." ಅಂಚಿನಲ್ಲಿ ಅದು ಒಂದು ಕ್ಷಣ ತಡೆಯಿತು. ಆಮೇಲೆ ತಗ್ಗಿಗೆ ಇಳಿದದ್ದು ಬೆರಳಿಗೆ ತಿಳಿಯಿತು. ತಣ್ಣಗಿತ್ತು.

ದೊಡ್ಡವ್ವ ನೆಟ್ಟಗೆ ಕುಳಿತಳು. ಹಣೆಗೆ ವಿಭೂತಿ ಹಚ್ಚಿದರು. ತಿಳವಳ್ಳಿ ಮಂದಿ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು.

"ಬಿಡವಾ ಇನ್ನ, ಚಂದಾಗಿ ಕುಂತಾಳ" ಎಂದು ಯಾರೋ ನನ್ನ ಭುಜ ಮುಟ್ಟಿದರು.

ನಾನು ಬೆರಳು ತೆಗೆಯಲಿಲ್ಲ.